ದೊಡ್ಡಮ್ಮನ ಬ್ರೇಕು, ಅಮ್ಮನ ಅಯಸ್ಕಾಂತ

ನನ್ನ ದೊಡ್ಡಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಅವಳ ಬೆನ್ನ ಹಿಂದೆ ಬರೆಯುತ್ತಿಲ್ಲ. ನಿನ್ನ ವಿಷಯ ಬರೆಯಲಾ ಎಂದು ಕೇಳಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ, "ಬರಿ. ಆದ್ರೆ ನನ್ನನ್ನ ತುಂಬಾ ಒಳ್ಳೆಯವಳು ಮಾಡ್ಬೇಡ, ಓದೋರು ನಂಬಲ್ಲ" ಅಂದಳು.

ದೊಡ್ಡಮ್ಮ ಆಟದ ಪಾರ್ಕಿನಲ್ಲಿ ರೋಲರ್ ಕೋಸ್ಟರಿನ ಬ್ರೇಕು ಹಿಡಿಯುವವಳು. ಹಾಗೊಂದು ಕೆಲಸ ಇದೆ ಎಂದೇ ಬಹಳ ಜನಕ್ಕೆ ಗೊತ್ತಿಲ್ಲ. ಕಾರಿಗೆ ಇರುವಂತೆ ಗಾಡಿಯಲ್ಲೇ ಎಲ್ಲೋ ಬ್ರೇಕು ಇರುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ಗಾಡಿಯಲ್ಲಿ ಎಂಜಿನ್ನೂ ಇಲ್ಲ, ಬ್ರೇಕೂ ಇಲ್ಲ. ಮೊದಲ ಏರಿನ ತುದಿಯವರೆಗೆ ಸರಪಳಿ ಅದನ್ನು ಎಳೆದುಕೊಂಡು ಹೋಗಿ ಬಿಟ್ಟುಬಿಡುತ್ತದೆ. ಅಲ್ಲಿಂದ ಮುಂದೆ ಅದು ತನ್ನ ಭಾರದಲ್ಲೇ ಬೀಳುತ್ತಾ ಏಳುತ್ತಾ ಸುತ್ತು ಮುಗಿಸಿ ಬರುತ್ತದೆ. ಬ್ರೇಕು ಇರುವುದು ಹಳಿಯಲ್ಲಿ. ಕೊನೆಯ ತಿರುವಿಗೂ ಜನ ಇಳಿಯುವ ಕಟ್ಟೆಗೂ ನಡುವೆ, ಎರಡು ಹಳಿಗಳ ಮಧ್ಯೆ, ಉದ್ದನೆಯ ಎರಡು ದಿಮ್ಮಿಗಳಿವೆ. ಅವುಗಳ ಮೇಲೆ ಲಾರಿಯ ಬ್ರೇಕಿಗೆ ಹಾಕುವಂಥದ್ದೇ ಪಟ್ಟಿ ಬಡಿದಿದ್ದಾರೆ. ಕಟ್ಟೆಯ ಪಕ್ಕದ ಎತ್ತರದ ಜಾಗದಲ್ಲಿ ನಿಂತು ದೊಡ್ಡಮ್ಮ ಲಿವರ್ ಎಳೆದರೆ ದಿಮ್ಮಿಗಳು ಮೇಲೆದ್ದು ಗಾಡಿಯ ಹೊಟ್ಟೆಗೆ ಒತ್ತಿಕೊಳ್ಳುತ್ತವೆ. ಉಜ್ಜಿ ಉಜ್ಜಿ, ಓಟವೆಲ್ಲ ಬಿಸಿಯಾಗಿ, ಗಾಡಿ ನಿಲ್ಲುತ್ತದೆ.

ಹೇಳುವುದಕ್ಕೆ ಇಷ್ಟೇ. ಆದರೆ ತುಂಬಿದ ಗಾಡಿ ಬೇರೆ, ಅರ್ಧ ಖಾಲಿ ಗಾಡಿ ಬೇರೆ. ಬೆಳಗಿನ ತಣ್ಣನೆಯ ಪಟ್ಟಿ ಜಾರುತ್ತದೆ, ಮಧ್ಯಾಹ್ನದ ಕಾದ ಪಟ್ಟಿ ಕಚ್ಚುತ್ತದೆ. ಬೇಗ ಎಳೆದರೆ ಗಾಡಿ ಕಟ್ಟೆ ಮುಟ್ಟದೆ ನಿಲ್ಲುತ್ತದೆ, ತಡವಾದರೆ ಕಟ್ಟೆ ದಾಟಿ ಮುಂದೆ ನಿಂತ ಇನ್ನೊಂದು ಗಾಡಿಗೆ ಮೂಗು ತಾಗಿಸುತ್ತದೆ. ಹಳಿಯ ಪಕ್ಕ ಕೆಂಪು ಬಣ್ಣ ಬಳಿದ ಒಂದು ಕಂಬ ಇದೆ. ಗಾಡಿಯ ಮೂಗು ಅಲ್ಲಿಗೆ ಬಂದಾಗ ಎಳೆಯಬೇಕು. ಎಷ್ಟು ಎಳೆಯಬೇಕು ಎನ್ನುವುದು ಮಾತ್ರ ಕೈಗೆ ಬಿಟ್ಟದ್ದು. ದೊಡ್ಡಮ್ಮನ ಕೈಗೆ ಅದು ಗೊತ್ತಿತ್ತು. ಗಾಡಿ ಕಿರುಚಿಕೊಂಡು ಬರುವುದು, ಪಟ್ಟಿ ಕೀರಲು ಸದ್ದು ಮಾಡುವುದು, ಸುಟ್ಟ ವಾಸನೆ ಏಳುವುದು, ಕಟ್ಟೆಯ ಬಾಗಿಲ ಎದುರು ಸರಿಯಾದ ಜಾಗಕ್ಕೇ ಬಂದು ನಿಲ್ಲುವುದು. ಇಳಿಯುವಾಗ ಜನ ಮೇಲೆ ನೋಡಿ ಅವಳಿಗೆ ಕೈ ಬೀಸುತ್ತಿದ್ದರು. ಪಾರ್ಕಿನವರೆಲ್ಲ ಅವಳನ್ನು ಬ್ರೇಕಮ್ಮ ಎನ್ನುತ್ತಿದ್ದರು. ಬೇಡ ಅನ್ನುವಂತೆ ಮುಖ ಮಾಡುತ್ತಿದ್ದಳು, ಆದರೆ ಯಾರಾದರೂ ಹಾಗೆ ಕರೆಯುವುದನ್ನು ಮರೆತರೆ ಅವರ ಜೊತೆ ಮಾತು ಕಡಿಮೆ ಮಾಡುತ್ತಿದ್ದಳು.

ಅಪ್ಪ ತೀರಿಹೋದ ಮೇಲೆ ಅಮ್ಮನೂ ನಾನೂ ಅಮ್ಮನ ಅಕ್ಕನಾದ ಈ ದೊಡ್ಡಮ್ಮನ ಮನೆಗೆ ಬಂದೆವು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಕೆಳಗೆ ದೊಡ್ಡಪ್ಪನ ಹೊಲಿಗೆ ಯಂತ್ರ. ಅಮ್ಮ ಮೊದಲು ಒಂದು ಅಂಗಡಿಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದಳು. ಅವಳನ್ನು ಪಾರ್ಕಿನ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಸೇರಿಸಿದ್ದು ದೊಡ್ಡಮ್ಮನೇ. ಇದನ್ನು ಅವಳು ಎಂದೂ ಮರೆಯಲಿಲ್ಲ, ಯಾರಿಗೂ ಮರೆಯಲು ಬಿಡಲೂ ಇಲ್ಲ.

ಪಟ್ಟಿ ಒದ್ದೆಯಾದರೆ ಹಿಡಿಯುವುದಿಲ್ಲ. ಅದಕ್ಕೇ ಸಣ್ಣ ತುಂತುರು ಬಂದರೂ ಕೋಸ್ಟರ್ ಮುಚ್ಚಬೇಕಾಗುತ್ತಿತ್ತು. ಅದು ತಪ್ಪಲಿ ಎಂದು ಮ್ಯಾನೇಜರು ಅಯಸ್ಕಾಂತದ ಬ್ರೇಕು ಹಾಕಿಸಲು ತೀರ್ಮಾನಿಸಿದರು. ಅದನ್ನು ಕೂರಿಸುವುದು, ನೋಡಿಕೊಳ್ಳುವುದು ಕಲಿತು ಬರಲು ವರ್ಕ್‌ಶಾಪಿನಿಂದ ಒಬ್ಬರನ್ನು ಬೇರೆ ಊರಿಗೆ ಕಳಿಸಬೇಕಿತ್ತು. ಅಮ್ಮನನ್ನು ಕಳಿಸಿದರು.

ದೊಡ್ಡಮ್ಮನ ಉರಿ ಶುರುವಾದದ್ದು ಪ್ರಯಾಣದ ಪೆಟ್ಟಿಗೆಯಿಂದ. ಅಮ್ಮನ ಹತ್ತಿರ ಇರಲಿಲ್ಲವೆಂದು ತನ್ನ ಪೆಟ್ಟಿಗೆಯನ್ನೇ ಕೊಟ್ಟಳು. ಕೊಟ್ಟ ಮೇಲೆ, ತಾನು ಇಷ್ಟು ವರ್ಷ ಕೆಲಸ ಮಾಡಿದರೂ ಆ ಪೆಟ್ಟಿಗೆ ಒಂದು ಸಲವೂ ಊರು ಬಿಟ್ಟಿಲ್ಲ ಎಂದು ಅವಳಿಗೆ ಹೊಳೆಯಿತು. ಅಮ್ಮ ಹಿಂತಿರುಗಿದಾಗ ನೀಲಿ ಬಣ್ಣದ ಹೊಸ ಅಂಗಿ ಹಾಕಿಕೊಂಡಿದ್ದಳು, ಜೇಬಿನ ಮೇಲೆ ವರ್ಕ್‌ಶಾಪಿನ ಗುರುತು. ತೋಳು ಉದ್ದವಾಗಿತ್ತು. ದೊಡ್ಡಪ್ಪ ಅದನ್ನು ಮೊಟಕು ಮಾಡಿ ಹೊಲಿಯಲು ಕೂತರೆ ದೊಡ್ಡಮ್ಮ, ಅಂಗಿ ಎಷ್ಟೇ ಸರಿ ಮಾಡಿದರೂ ಹಾಕಿಕೊಳ್ಳುವವರಿಗೆ ಒಪ್ಪಬೇಕಲ್ಲ ಎಂದಳು. ದೊಡ್ಡಪ್ಪ ದಾರ ಕಚ್ಚಿ ಹರಿಯುತ್ತಾ ಅಂದರು: "ಆ ಒಲೆ ಆರಿಸೇ. ಚಹಾ ಇವತ್ತು ನಿನ್ನ ಹೊಟ್ಟೆ ಮೇಲೇ ಕಾಯುತ್ತೆ."

ಅಮ್ಮ ಒಂದು ತಾಮ್ರದ ಕೊಳವೆ ಮತ್ತು ಬೆರಳುಗಾತ್ರದ ಅಯಸ್ಕಾಂತ ತಂದಿದ್ದಳು. ಊಟವಾದ ಮೇಲೆ ಕೊಳವೆಯನ್ನು ನೆಟ್ಟಗೆ ಹಿಡಿದು ಮೇಲಿನಿಂದ ಅಯಸ್ಕಾಂತ ಬಿಟ್ಟಳು. ಕಲ್ಲಾಗಿದ್ದರೆ ತಟ್ಟನೆ ಕೆಳಗೆ ಬೀಳಬೇಕಿತ್ತು. ಅದು ಬರಲೇ ಇಲ್ಲ. ನಾನು ಕೆಳಗೆ ಕೈ ಒಡ್ಡಿಕೊಂಡು ಕಾದೆ. ಆಮೇಲೆ, ಯಾರೋ ದಾರ ಕಟ್ಟಿ ಇಳಿಸಿದಂತೆ ಮೆಲ್ಲಗೆ ಬಂದು ಅಂಗೈ ಮೇಲೆ ಕೂತಿತು. ಅಂಟಿಕೊಂಡಿತ್ತಾ ಎಂದು ದೊಡ್ಡಪ್ಪ ಕೇಳಿದರು. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ ಎಂದು ಅಮ್ಮ ಅಂಟಿಸಿ ತೋರಿಸಲು ಹೋದಳು, ಅಂಟಲಿಲ್ಲ. ಅವಳು ವಿವರಿಸಿದ್ದು ಹೀಗೆ. ಅಯಸ್ಕಾಂತ ತಾಮ್ರದ ಪಕ್ಕದಲ್ಲಿ ಓಡಿದರೆ ತಾಮ್ರದೊಳಗೆ ಕರೆಂಟು ಹುಟ್ಟಿ, ನೀರಿನ ಸುಳಿಯ ಹಾಗೆ ಸುತ್ತುತ್ತದೆ. ಆ ಸುಳಿಗಳೇ ತಾವೂ ಅಯಸ್ಕಾಂತದಂತಾಗಿ, ತಮ್ಮನ್ನು ಹುಟ್ಟಿಸಿದ ಓಟಕ್ಕೇ ಅಡ್ಡ ನಿಲ್ಲುತ್ತವೆ. ಜೋರಾಗಿ ಓಡಿದಷ್ಟೂ ತಡೆ ಜೋರು. ಕೋಸ್ಟರಿನಲ್ಲಿ ಇದೇ ತಿರುಗುಮುರುಗು: ಅಯಸ್ಕಾಂತಗಳು ಹಳಿಯ ನಡುವೆ ಎರಡು ಸಾಲಾಗಿ ಅಲುಗದೆ ನಿಂತಿರುತ್ತವೆ, ಗಾಡಿಯ ಹೊಟ್ಟೆಗೆ ಸಿಕ್ಕಿಸಿದ ತಾಮ್ರದ ಹಲಗೆ ಅವುಗಳ ಮಧ್ಯೆ ಎಲ್ಲೂ ತಾಗದೆ ನುಗ್ಗುತ್ತದೆ. ಉಜ್ಜಾಟವಿಲ್ಲ, ಸವೆತವಿಲ್ಲ. ಮಳೆ ಬಂದರೂ ಅಷ್ಟೇ, ಕರೆಂಟು ಹೋದರೂ ಅಷ್ಟೇ.

"ಎಳೆಯೋರು ಬೇಡ, ನೋಡೋರು ಬೇಡ" ಎಂದು ದೊಡ್ಡಮ್ಮ ಗೋಡೆಗೆ ಹೇಳಿದಳು.

ಮಾರನೆಯ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಆ ಕೊಳವೆ ಹಿಡಿದು ಕೂತಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಮತ್ತೆ ಮತ್ತೆ ಅಯಸ್ಕಾಂತ ಬಿಡುತ್ತಿದ್ದಳು. ಎಷ್ಟು ನಿಧಾನವಾದರೂ ಅದು ನಡುವೆ ನಿಲ್ಲಲಿಲ್ಲ. ಪ್ರತಿ ಸಲವೂ ಕೆಳಗೆ ಬಂದೇ ಬಂತು. ಅವಳಿಗೆ ಅರ್ಥವಾದದ್ದು ಇಷ್ಟು: ಓಟ ಇದ್ದರೆ ತಡೆ, ಓಟ ಕಡಿಮೆಯಾದರೆ ತಡೆಯೂ ಕಡಿಮೆ. ಪೂರ್ತಿ ನಿಲ್ಲಿಸುವ ಶಕ್ತಿ ಅಯಸ್ಕಾಂತಕ್ಕಿಲ್ಲ. ಕೊನೆಯ ಒಂದಿಷ್ಟನ್ನು ಯಾರಾದರೂ ಮುಟ್ಟಿಯೇ ನಿಲ್ಲಿಸಬೇಕು. ಅವತ್ತು ಸಂಜೆ ಅವಳು ಬಹಳ ದಿನದ ಮೇಲೆ ಅಮ್ಮನಿಗೆ ತಾನಾಗಿ ಚಹಾ ಕೊಟ್ಟಳು.

ಆ ಖುಷಿ ಉಳಿಯಲಿಲ್ಲ. ತಿರುವು ಮುಗಿಯುವಲ್ಲಿಂದ ಕೆಂಪು ಕಂಬದವರೆಗೆ ಅಯಸ್ಕಾಂತಗಳನ್ನು ಕೂರಿಸಿದರು. ಅವುಗಳ ಹತ್ತಿರ ಹೋಗಬೇಕಾದರೆ ಕಬ್ಬಿಣ, ಉಕ್ಕಿನದ್ದೆಲ್ಲ ತೆಗೆದಿಡಬೇಕು ಎಂದು ಅಮ್ಮ ಹೇಳಿದ್ದಕ್ಕೆ ದೊಡ್ಡಮ್ಮ ಸೊಂಟದ ಬೀಗದ ಕೈ ಗೊಂಚಲು, ಸೆರಗಿನ ಪಿನ್ನು, ತಲೆಯ ಕ್ಲಿಪ್ಪು ಒಂದೊಂದಾಗಿ ಕಟ್ಟೆಯ ಮೇಲಿಟ್ಟಳು. ತಂಗಿಯನ್ನು ಮಾತಾಡಿಸಲು ಇನ್ನು ಹಲ್ಲೂ ಬಿಚ್ಚಿಡಬೇಕಾ ಎಂದು ಕೇಳಿದಳಂತೆ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಅಮ್ಮ ನಕ್ಕದ್ದು ದೊಡ್ಡಮ್ಮನಿಗೆ ಹಿಡಿಸಲಿಲ್ಲ.

ಈಗ ಗಾಡಿ ಕಿರುಚಿಕೊಂಡು ತಿರುವಿನಿಂದ ಬಂದರೂ ಅಯಸ್ಕಾಂತಗಳ ಮಧ್ಯೆ ಹೊಕ್ಕ ಕೂಡಲೇ ಯಾರೋ ಬೆನ್ನು ಸವರಿದಂತೆ ತಣ್ಣಗಾಗುತ್ತಿತ್ತು. ಕೆಂಪು ಕಂಬದ ಹತ್ತಿರ ಬರುವಾಗ ಮನುಷ್ಯ ನಡೆಯುವಷ್ಟು ವೇಗ. ದೊಡ್ಡಮ್ಮ ಕಂಬವನ್ನು ಬಿಟ್ಟು, ಕಟ್ಟೆಯ ಅಂಚಿನವರೆಗೆ ಕಾದು, ಲಿವರನ್ನು ಸ್ವಲ್ಪ ಎಳೆದರೆ ಸಾಕು. ಕೀರಲು ಸದ್ದಿಲ್ಲ, ವಾಸನೆಯಿಲ್ಲ. ಇಳಿಯುವ ಜನ ಮೇಲೆ ನೋಡುವುದನ್ನು ಬಿಟ್ಟರು. ತಲೆಗೂದಲು ಸರಿ ಮಾಡಿಕೊಳ್ಳುತ್ತಾ ಹೊರಟುಹೋಗುತ್ತಿದ್ದರು. "ಅಡುಗೆ ಅವಳದು, ಬಡಿಸೋ ಕೆಲಸ ನಂದು" ಎಂದು ದೊಡ್ಡಪ್ಪನ ಹತ್ತಿರ ಹೇಳಿಕೊಂಡಳು. ಕೊನೆಯ ನಿಲುಗಡೆಗೂ ಲಿವರ್ ತೆಗೆದು, ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ, ಗುಂಡಿ ಒತ್ತಿದರೆ ಹಿಡಿಯುವ ಬ್ರೇಕು ಹಾಕುವ ಮಾತೂ ಆಫೀಸಿನಲ್ಲಿ ನಡೆಯುತ್ತಿತ್ತು. ಹಾಗಾದರೆ ಲಿವರಿನ ಹತ್ತಿರ ಯಾರೂ ನಿಲ್ಲಬೇಕಾಗಿಲ್ಲ.

ಒಂದು ರಜೆಯ ದಿನ, ಪಾರ್ಕು ತುಂಬಿತ್ತು. ಮ್ಯಾನೇಜರು ಆಫೀಸಿನ ನಾಲ್ಕು ಜನರನ್ನು ಕರೆದುಕೊಂಡು ಕಟ್ಟೆಗೆ ಬಂದರು. ಅಮ್ಮ ನೀಲಿ ಅಂಗಿಯಲ್ಲಿ ಅವರಿಗೆ ಕೆಳಗೆ ಕೈ ತೋರಿಸುತ್ತಾ ಏನೋ ವಿವರಿಸುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ಒಬ್ಬರು ಅಮ್ಮನ ಕೈ ಕುಲುಕಿದರು. ಮೇಲೆ ನಿಂತಿದ್ದ ದೊಡ್ಡಮ್ಮನ ಕಡೆ ಯಾರೂ ಕಣ್ಣೆತ್ತಲಿಲ್ಲ. ತುಂಬಿದ ಗಾಡಿ ತಿರುವಿನಿಂದ ಬಂತು. ಒಂದು ಸಲ ಆ ಕೀರಲು ಸದ್ದು ಇವರಿಗೂ ಕೇಳಿಸಲಿ ಅನ್ನಿಸಿತಂತೆ ಅವಳಿಗೆ. ಗಾಡಿಯ ಮೂಗು ಕೆಂಪು ಕಂಬ ಮುಟ್ಟಿದ್ದೇ ತಡ, ಹಳೆಯ ಕಾಲದ ಹಾಗೆ ಲಿವರನ್ನು ಪೂರ್ತಿ ಎಳೆದಳು.

ಸದ್ದು ಬರುವಷ್ಟು ಓಟ ಗಾಡಿಯಲ್ಲಿ ಉಳಿದಿರಲಿಲ್ಲ. ಅದು ಗಕ್ಕನೆ ನಿಂತುಬಿಟ್ಟಿತು. ಮೂಗು ಕಂಬದ ಹತ್ತಿರ, ಬಾಲ ಇನ್ನೂ ಅಯಸ್ಕಾಂತಗಳ ನಡುವೆ. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಒಬ್ಬ ಹೆಂಗಸಿನ ಹಲ್ಲು ತುಟಿಗೆ ತಾಗಿ ರಕ್ತ ಬಂತು. ಜನರನ್ನು ಅಲ್ಲೇ ಇಳಿಸಿ, ಹಳಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ನಡೆಸಿಕೊಂಡು ಬಂದರು. ಖಾಲಿ ಗಾಡಿಯನ್ನು ಕೆಲಸದವರು ತಳ್ಳಿದರು. ಗಾಡಿ ತಳ್ಳುವುದು ಅಂದರೆ ಬ್ರೇಕು ಹಿಡಿಯುವವರಿಗೆ ಮುಖ ತೋರಿಸಲಾಗದ ಅವಮಾನ.

ಏನಾಯಿತು ಎಂದು ಮ್ಯಾನೇಜರು ಕೇಳಿದರು. ದೊಡ್ಡಮ್ಮ ಲಿವರನ್ನು ಆಗಲೇ ಹಿಂದಕ್ಕೆ ಬಿಟ್ಟಾಗಿತ್ತು.

"ನಾನು ಮುಟ್ಟೇ ಇಲ್ಲ ಸರ್. ಅವಳ ಅಯಸ್ಕಾಂತವೇ ಹಿಡ್ಕೊಂಡುಬಿಡ್ತು" ಅಂದಳು.

ಬಾಲ ಅಯಸ್ಕಾಂತಗಳ ನಡುವೆ ಇದ್ದದ್ದನ್ನು ಎಲ್ಲರೂ ನೋಡಿದ್ದರು. ಹೊರಗಿನವರು ನಂಬುವಂಥ ಸುಳ್ಳು. ನಿಂತ ಗಾಡಿಯನ್ನು ಅಯಸ್ಕಾಂತ ಹಿಡಿದಿಡುವುದಿಲ್ಲ ಎಂದು ಅಮ್ಮನಿಗೆ ಗೊತ್ತು, ದೊಡ್ಡಮ್ಮನಿಗೂ ಗೊತ್ತು. ಅಮ್ಮ ಮೇಲೆ ನೋಡಿದಳು. ಆಮೇಲೆ ಮ್ಯಾನೇಜರಿಗೆ, ಎಲ್ಲಾದರೂ ತಾಮ್ರದ ಹಲಗೆ ಬಾಗಿ ತಾಗುತ್ತಿರಬಹುದು, ನೋಡುತ್ತೇನೆ ಎಂದಳು. ಮ್ಯಾನೇಜರು ಕೋಸ್ಟರ್ ಮುಚ್ಚಿಸಿದರು. ನಾಳೆ ಬೆಳಗ್ಗೆ ಜನರ ಬದಲು ಮರಳಿನ ಚೀಲ ಹೇರಿ ಗಾಡಿ ಓಡಿಸೋಣ, ಅಯಸ್ಕಾಂತದಲ್ಲಿ ಹಾಗೇ ನಿಂತರೆ ಎಲ್ಲ ಕಿತ್ತು ವಾಪಸ್ಸು ಕಳಿಸುತ್ತೇನೆ ಎಂದರು. ಅಮ್ಮನ ಗತಿ ಏನು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಅವತ್ತು ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಇತ್ತು. ದೊಡ್ಡಮ್ಮ ಕೊನೆಗೆ, ನನ್ನ ಮಾತು ಸುಳ್ಳು ಅಂತ ಅಲ್ಲೇ ಹೇಳಬಹುದಿತ್ತಲ್ಲ, ದೊಡ್ಡ ಮನಸ್ಸು ತೋರಿಸಿ ನನ್ನನ್ನು ಸಣ್ಣವಳು ಮಾಡಿದೆಯಾ ಎಂದು ಜಗಳ ತೆಗೆದಳು. ಅಮ್ಮ ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ದೊಡ್ಡ ಮನಸ್ಸು ಅಲ್ಲ ಅಕ್ಕ. ಹೇಳಿದ್ರೆ ನಾಳೆಯೇ ನಿನ್ನ ಲಿವರ್ ಕಿತ್ತು ಗುಂಡಿ ಹಾಕ್ತಾರೆ. ಆಮೇಲೆ ಈ ಮನೇಲಿ ನಾನು ಹೇಗೆ ಊಟ ಮಾಡ್ಲಿ?"

"ನನ್ನ ಲಿವರ್ ಮೇಲೆ ನಿನಗೇನು ಅಷ್ಟು ಪ್ರೀತಿ?"

"ಪ್ರೀತಿ ಯಾರಿಗಿದೆ? ಹೊಟ್ಟೆಕಿಚ್ಚು ನನಗೆ." ಅಮ್ಮನ ದನಿ ಸಣ್ಣದಾಯಿತು. "ವರ್ಕ್‌ಶಾಪ್ ಕಿಟಕಿಯಿಂದ ದಿನಾ ನೋಡ್ತಿದ್ದೆ. ಇಳಿದೋರೆಲ್ಲ ನಿನಗೆ ಕೈ ಬೀಸೋರು. ನಾನು ಸುತ್ತಿದ ಮೋಟಾರಿಗೆ ಯಾವನಾದ್ರೂ ಕೈ ಬೀಸಿದ್ದಾನಾ? ಆ ಅಯಸ್ಕಾಂತ ಹಾಕಿದಾಗ, ಇನ್ನು ಇವಳಿಗೂ ಯಾರೂ ಬೀಸಲ್ಲ ಅಂತ ಒಳಗೊಳಗೆ ಖುಷಿಯಾಗಿತ್ತು. ಸಾಕಾ?"

ದೊಡ್ಡಮ್ಮನ ಮುಖ ನೋಡಿದ ದೊಡ್ಡಪ್ಪ, ಇವಳಿಗೆ ಯಾರೋ ಮೆಡಲ್ ಕೊಟ್ಟ ಹಾಗಿದೆಯಲ್ಲ ಎಂದರು. ನಿಜವೇ. ತನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಡುತ್ತಿದ್ದರು, ಅದೂ ಇಷ್ಟು ವರ್ಷದಿಂದ, ಒಂದೇ ಮನೆಯಲ್ಲಿ! ಅವತ್ತು ಚೆನ್ನಾಗಿ ನಿದ್ದೆ ಬಂತೆಂದು ಅವಳೇ ನನಗೆ ಹೇಳಿದ್ದಾಳೆ. ಅದರಿಂದ ಅವಳ ಮನಸ್ಸು ಬದಲಾಯಿತು ಎಂದು ಬರೆಯಲು ಹೋದೆ. ಹಾಗೇನಿಲ್ಲ ಎಂದಳು. ಬೆಳಗ್ಗೆ ಎದ್ದಾಗ ಉರಿ ಅಷ್ಟೇ ಇತ್ತಂತೆ.

ಬೆಳಗ್ಗೆ ಪಾರ್ಕು ತೆರೆಯುವ ಮೊದಲು ಗಾಡಿಗೆ ಮರಳಿನ ಚೀಲ ಹೇರಿದರು. ಮ್ಯಾನೇಜರು ಕಟ್ಟೆಯ ಮೇಲೆ ನಿಂತರು. ಅಮ್ಮ ಹಳಿಯ ಕೆಳಗೆ ಇಳಿದು ಅಯಸ್ಕಾಂತಕ್ಕೂ ತಾಮ್ರಕ್ಕೂ ನಡುವಿನ ಸಂದನ್ನು ಒಂದು ಮರದ ಚಕ್ಕೆ ತೂರಿಸಿ ನೋಡಿಕೊಂಡು ಬಂದಳು. ಎಲ್ಲೂ ತಾಗುತ್ತಿರಲಿಲ್ಲ. ಲಿವರನ್ನು ಮುಟ್ಟಬೇಡಿ, ಕಟ್ಟೆ ತಲುಪಿದ ಮೇಲೆ ಮಾತ್ರ ಹಿಡಿಯಿರಿ ಎಂದು ಮ್ಯಾನೇಜರು ದೊಡ್ಡಮ್ಮನಿಗೆ ಹೇಳಿದರು.

ಲಿವರಿನ ಬುಡದಲ್ಲಿ ಹಲ್ಲು ಹಲ್ಲಾದ ಒಂದು ಉಕ್ಕಿನ ಕಮಾನು ಇದೆ. ಎಳೆದಷ್ಟಕ್ಕೆ ಲಿವರಿನ ಕೊಕ್ಕೆ ಆ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಪೂರ್ತಿ ಬಿಟ್ಟಿರುವುದಕ್ಕೂ ಒಂದು ಹಲ್ಲು ಎಳೆದಿರುವುದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ. ಆದರೆ ಒಂದು ಹಲ್ಲಿಗೆ ಪಟ್ಟಿಗಳು ಒಂದಿಷ್ಟು ಮೇಲೇಳುತ್ತವೆ. ಹಳೆಯ ಓಟದ ಗಾಡಿಗೆ ಅದು ಲೆಕ್ಕವೇ ಅಲ್ಲ. ಅಯಸ್ಕಾಂತದಿಂದ ಸುಸ್ತಾಗಿ ಬಂದ ಗಾಡಿ ಮಾತ್ರ ಅದರ ಮೇಲೆ ಹತ್ತಿ, ಕೆಂಪು ಕಂಬದ ಹತ್ತಿರ, ಬಾಲವನ್ನು ಅಯಸ್ಕಾಂತಗಳ ನಡುವೆಯೇ ಬಿಟ್ಟು ನಿಂತುಬಿಡುತ್ತದೆ. ನಿನ್ನೆಯ ಹಾಗೆಯೇ. ಆಗ ನಿನ್ನೆಯ ಸುಳ್ಳು ನಿಜವಾಗುತ್ತದೆ.

ದೊಡ್ಡಮ್ಮ ಮೇಲೆ ಹತ್ತಿದ ಕೂಡಲೇ ಲಿವರನ್ನು ಒಂದು ಹಲ್ಲು ಎಳೆದಿಟ್ಟಳು. ಇದನ್ನು ಅವಳೇ ನನಗೆ ಹೇಳಿದ್ದು.

ಗಾಡಿ ಏರು ಹತ್ತತೊಡಗಿತು. ಸರಪಳಿಯ ಕಟಕಟ ಕೇಳಿಸುತ್ತಿತ್ತು. ಅಮ್ಮ ಕೆಳಗಿನಿಂದ ಮೇಲೆ ನೋಡಿದಳು. ಅಮ್ಮ ಎಲ್ಲವನ್ನೂ ಎರಡೆರಡು ಸಲ ನೋಡುವವಳು. ಒಲೆ ಆರಿಸಿದ್ದನ್ನೂ ಮತ್ತೆ ಮುಟ್ಟಿ ನೋಡುತ್ತಾಳೆ. ಲಿವರಿನ ಹಲ್ಲನ್ನು ನೋಡಲು ಮೇಲೆ ಹತ್ತಿ ಬರುತ್ತಾಳೆ ಎಂದು ದೊಡ್ಡಮ್ಮ ಕಾದಳು. ಬಂದಿದ್ದರೆ ಜಗಳವಾಡಬಹುದಿತ್ತು, ನನ್ನ ಮೇಲೆ ನಂಬಿಕೆಯಿಲ್ಲವಾ ಎಂದು ಕೂಗಬಹುದಿತ್ತು. ಅಮ್ಮ ಬರಲಿಲ್ಲ. ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟಳು, ನಿಂತಳು, ಬೆನ್ನು ತಿರುಗಿಸಿ ಹಳಿಯ ಕಡೆ ನೋಡತೊಡಗಿದಳು. ಅವಳಿಗೆ ಅನುಮಾನ ಬಂದಿತ್ತು. ಬಂದರೂ ಬೆನ್ನು ತಿರುಗಿಸಿದಳು.

ಗಾಡಿ ತುದಿ ಮುಟ್ಟಿ ಕೆಳಗೆ ಬಿತ್ತು. ಹಳಿ ಹೊತ್ತ ಮರದ ಚೌಕಟ್ಟೆಲ್ಲ ನಡುಗಿತು. ಅದು ದೂರದ ಸುತ್ತು ಮುಗಿಸಿ ತಿರುವಿಗೆ ಬರುವಷ್ಟರಲ್ಲಿ ದೊಡ್ಡಮ್ಮ ಬೆರಳಿನಿಂದ ಕೊಕ್ಕೆ ಎತ್ತಿ ಲಿವರನ್ನು ಹಲ್ಲಿನಿಂದ ಬಿಡಿಸಿದಳು.

ಗಾಡಿ ಅಯಸ್ಕಾಂತಗಳ ನಡುವೆ ಹೊಕ್ಕಿತು, ತಣ್ಣಗಾಯಿತು, ತೆವಳುತ್ತಾ ಮೂಗು ಚಾಚಿಕೊಂಡು ಕೆಂಪು ಕಂಬ ದಾಟಿತು. ನಿಲ್ಲಲಿಲ್ಲ. ಬಾಲವೂ ಅಯಸ್ಕಾಂತಗಳಿಂದ ಹೊರಗೆ ಬಂತು. ಕಟ್ಟೆಗೆ ಬಂದಾಗ ದೊಡ್ಡಮ್ಮ ಎಳೆದಳು. ಗಾಡಿ ನಿಲ್ಲಬೇಕಾದಲ್ಲಿ ನಿಂತಿತು.

ಮ್ಯಾನೇಜರು ಇನ್ನೊಮ್ಮೆ ಓಡಿಸಿದರು. ಅದೇ ಆಯಿತು. ಅಯಸ್ಕಾಂತ ಹಿಡಿಯುತ್ತಿಲ್ಲವಲ್ಲ, ನಿನ್ನೆ ಹಾಗಾದರೆ ಏನಾಯಿತು ಎಂದು ಅವರು ಯಾರನ್ನೂ ನೋಡದೆ ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಮೇಲಿನಿಂದ ಉತ್ತರ ಬಂತು.

"ನಾನೇ ಎಳೆದೆ ಸರ್. ಬೇಕು ಅಂತಲೇ ಎಳೆದೆ."

ಮ್ಯಾನೇಜರು ಕೂಗಾಡಲಿಲ್ಲ. ಎಳೆದದ್ದನ್ನು ಮರೆಯಬಹುದಿತ್ತು, ಬ್ರೇಕು ಹಿಡಿಯುವವರು ಬ್ರೇಕಿನ ಬಗ್ಗೆ ಸುಳ್ಳು ಹೇಳಿದರೆ ಯಾರನ್ನು ನಂಬಿ ಜನರನ್ನು ಕೂರಿಸಲಿ ಎಂದರು. ಈ ಸೀಸನ್ ಮುಗಿಯುವವರೆಗೆ ಲಿವರ್ ಮುಟ್ಟಬಾರದು ಎಂದರು. ಕೊನೆಯ ನಿಲುಗಡೆಗೆ ಉಜ್ಜುವ ಬ್ರೇಕು ಬೇಕೇ ಬೇಕಾದ್ದರಿಂದ, ಗುಂಡಿಯ ಬ್ರೇಕು ಬರುವವರೆಗೆ ಯಾರಾದರೂ ಅಲ್ಲಿ ನಿಲ್ಲಬೇಕಿತ್ತು. ಅವರು ಅಮ್ಮನ ಕಡೆ ನೋಡಿದರು. ಅಮ್ಮ ನನಗೆ ಬರುವುದಿಲ್ಲ ಎಂದಳು. ಅಕ್ಕ ಕಲಿಸಲಿ ಎಂದರು ಮ್ಯಾನೇಜರು. ಅವರಿಗೆ ಅದು ಸುಲಭದ ದಾರಿಯಾಗಿ ಕಂಡಿರಬೇಕು. ದೊಡ್ಡಮ್ಮನಿಗೆ ಕೆಲಸ ಬಿಡಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಈಗ ಲಿವರಿನ ಹತ್ತಿರ ಅಮ್ಮ ನಿಲ್ಲುತ್ತಾಳೆ. ದೊಡ್ಡಮ್ಮ ಅವಳ ಪಕ್ಕದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಮೊದಮೊದಲು ಅಮ್ಮ ಎಳೆದಾಗಲೆಲ್ಲ ಗಾಡಿ ಗಕ್ಕೆಂದು ನಿಲ್ಲುತ್ತಿತ್ತು, ಇಲ್ಲವೇ ಬಾಗಿಲ ಜಾಗ ದಾಟಿ ಹೋಗುತ್ತಿತ್ತು. ದೊಡ್ಡಮ್ಮನಿಗೆ ಹಬ್ಬ. ಸಂಜೆ ಮನೆಗೆ ಬಂದು ಒಂದೊಂದು ಎಳೆತವನ್ನೂ ಅಭಿನಯಿಸಿ ತೋರಿಸುತ್ತಿದ್ದಳು, ದೊಡ್ಡಪ್ಪ ನಕ್ಕು ನಕ್ಕು ಸೂಜಿ ಚುಚ್ಚಿಕೊಳ್ಳುತ್ತಿದ್ದರು.

ಆಮೇಲೆ ಒಂದು ಮಧ್ಯಾಹ್ನ ಅಮ್ಮ ಗಾಡಿಯನ್ನು ಎಷ್ಟು ಮೆತ್ತಗೆ ನಿಲ್ಲಿಸಿದಳೆಂದರೆ, ನಿಂತದ್ದು ತಿಳಿಯದೆ ಜನ ಇಳಿಯಲು ತಡ ಮಾಡಿದರು. ಒಂದು ಮಗು ಮೇಲೆ ನೋಡಿ ಅಮ್ಮನಿಗೆ ಕೈ ಬೀಸಿತು. ಅಮ್ಮ ಏನು ಮಾಡಬೇಕೆಂದು ತಿಳಿಯದೆ ಅಕ್ಕನ ಮುಖ ನೋಡಿದಳು. ದೊಡ್ಡಮ್ಮ ಆ ಕಡೆ ತಿರುಗಿ, "ಮೊಣಕೈ ಇನ್ನೂ ಸ್ವಲ್ಪ ಮೈಗೆ ಹತ್ರ ಇಟ್ಕೋ ಪುಟ್ಟಿ. ಸಂಜೆ ಹೊತ್ತಿಗೆ ತೋಳು ನೋಯಲ್ಲ" ಅಂದಳು.

ಅದು ಸರಿಯಾದ ಮಾತಾಗಿತ್ತಾ ಎಂದು ನಾನು ಅಮ್ಮನನ್ನು ಕೇಳಿದೆ. ಸರಿಯಾಗಿತ್ತು, ಹಾಗೆ ಹಿಡಿದ ಮೇಲೆ ತೋಳು ನೋಯಲಿಲ್ಲ ಎಂದಳು. ದೊಡ್ಡಮ್ಮನನ್ನೂ ಕೇಳಿದೆ. ತಪ್ಪು ಹೇಳಿಕೊಡಬೇಕು ಅಂತಲೇ ಬಾಯಿ ತೆರೆದೆ, ಅಷ್ಟರಲ್ಲಿ ಸರಿಯಾದದ್ದು ಬಂದುಬಿಟ್ಟಿತು, ಇವತ್ತಿಗೂ ಅದಕ್ಕೆ ಬೇಜಾರಿದೆ ಎಂದಳು.